ಸೊನ್ನೆ ನಂಬರ್ ಡಬ್ಬಿ

"ಈ ಬಟ್ಟಲು ಮೆಷಿನ್ನು. ಈ ಚಮಚ ರೋಗಿ. ಉಪ್ಪಿನ ಡಬ್ಬಿ ಡಾಕ್ಟ್ರು. ನಾನು ಇಲ್ಲಿ," ಅಂತ ಎಕ್ಸ್‌ರೇ ಅಕ್ಕ ತನ್ನ ಹೆಬ್ಬೆರಳನ್ನು ಚಮಚದ ಪಕ್ಕ ಊರಿದಳು. "ಉಪ್ಪಿನ ಡಬ್ಬಿ ಬೇಕಾದಾಗ ಆಚೀಚೆ ಸರ್ಕೊಳ್ಳತ್ತೆ. ನಾನು ಸರಿಯೋ ಹಾಗಿಲ್ಲ. ತಂತಿ ಹಿಡ್ಕೊಂಡಿರೋಳು ನಾನು."

"ಬ್ಯಾಡ್ಜು?" ಅಂದರು ನಮ್ಮತ್ತಿಗೆ.

"ಇಲ್ಲಿ." ಅವಳು ಕೊರಳು ಮುಟ್ಟಿ ತೋರಿಸಿದಳು. "ಮೈಗೆ ಸೀಸದ ಏಪ್ರನ್ನು, ಕುತ್ತಿಗೆಗೆ ಸೀಸದ ಪಟ್ಟಿ, ಪಟ್ಟಿ ಮೇಲೆ ಬ್ಯಾಡ್ಜಿನ ಡಬ್ಬಿ. ಬೆಂಕಿಪೊಟ್ಟಣದಷ್ಟಿರತ್ತೆ. ಕಣ್ಣಿನ ಹತ್ರ ಎಷ್ಟು ಎಕ್ಸ್‌ರೇ ಬಿತ್ತು ಅಂತ ಇದು ಹೇಳ್ಬೇಕು. ಅದು ಏನೂ ಹೇಳ್ಲಿಲ್ಲ ಮೇಡಂ, ಕಣ್ಣೇ ಹೇಳ್ತು."

ಒಳಮನೆಯಿಂದ ಅವಳ ತಾಯಿ ಕೂಗಿದರು. "ಉಪ್ಪಿನ ಡಬ್ಬಿ ಎಲ್ಲಿಟ್ಟೆಯೇ?"

"ಡಾಕ್ಟ್ರು ಕೇಸಲ್ಲಿದ್ದಾರೆ, ಇರಮ್ಮ! ಮುಗಿದ ತಕ್ಷಣ ಕಳಿಸ್ತೀನಿ!"

ನಕ್ಕಳು. ನಾವೂ ನಕ್ಕೆವು. ನಕ್ಕಾಗ ಅವಳ ಬಲಗಣ್ಣು ಮಾತ್ರ ಸಣ್ಣಗಾಯಿತು. ಎಡಗಣ್ಣು, ಆಪರೇಷನ್ ಆದದ್ದು, ಇನ್ನೂ ನಗೋಕೆ ಕಲಿಯುತ್ತಿದ್ದಂತಿತ್ತು.

ವಿಷಯ ಒಂದೇ ಉಸಿರಲ್ಲಿ ಹೇಳಿಬಿಡುತ್ತೇನೆ. ಹೃದಯದ ನಾಳಕ್ಕೆ ತಂತಿ ತೂರಿಸುವ ಕ್ಯಾಥ್ ಲ್ಯಾಬಿನಲ್ಲಿ ಹದಿನೆಂಟು ವರ್ಷ ನಿಂತ ಈ ಹೆಂಗಸಿಗೆ ನಲವತ್ತೊಂದಕ್ಕೇ ಕಣ್ಣಿಗೆ ಪೊರೆ ಬಂತು; ಕೆಲಸದಿಂದಲೇ ಬಂತು ಅಂತ ಅರ್ಜಿ ಕೊಟ್ಟಳು; ನಾಲ್ಕು ವರ್ಷದಿಂದ ಸೊನ್ನೆ ತೋರಿಸುತ್ತಿದ್ದ ಬ್ಯಾಡ್ಜು ಅರ್ಜಿ ಕೊಟ್ಟ ಮೂರೇ ತಿಂಗಳಿಗೆ ದಿಢೀರನೆ ಆರೂವರೆ ತೋರಿಸಿತು; "ಬೇಕಂತಲೇ ಬ್ಯಾಡ್ಜನ್ನು ಮೆಷಿನ್ನಿನ ಕೆಳಗಿಟ್ಟು ಮೋಸ ಮಾಡಿದ್ದೀಯ" ಅಂತ ಆಸ್ಪತ್ರೆ ಅವಳನ್ನು ಮನೆಗೆ ಕಳಿಸಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಅಲ್ಲಿ ಮೋಸಗಾತಿ ಅನ್ನಿಸಿಕೊಂಡರೆ ಈ ಊರಲ್ಲಿ ಅಲ್ಲ, ಎಲ್ಲೂ ಅವಳು ಏಪ್ರನ್ ತೊಡುವ ಹಾಗಿಲ್ಲ.

"ಆರೂವರೆ ಅಂದ್ರೆ ಜಾಸ್ತೀನಾ?" ಅಂತ ನಾನು ಕೇಳಿದೆ. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು, ಬೆಳಕು ಗೊತ್ತು. ಮಿಲಿಸೀವರ್ಟ್ ಅನ್ನೋ ವಿಕಿರಣದ ಅಳತೆ ಗೊತ್ತಿಲ್ಲ.

"ಒಬ್ಬರಿಗೆ ವರ್ಷಕ್ಕೆ ಇಪ್ಪತ್ತು ದಾಟಬಾರದು ಅಣ್ಣ. ಮೂರು ತಿಂಗಳಿಗೇ ಆರೂವರೆ ಆದ್ರೆ?"

ನಾನು ಬೆರಳು ಮಡಿಸಿದೆ. ಇಪ್ಪತ್ತಾರು.

ಅವಳು ಕೊರಳಲ್ಲಿ ಇಳಿಬಿಟ್ಟಿದ್ದ ಕನ್ನಡಕ ಏರಿಸಿಕೊಂಡು ನೋಟೀಸನ್ನು ಮತ್ತೊಂದು ಸಲ ಓದಿದಳು. ಕನ್ನಡಕದ ದಾರ ವಿಚಿತ್ರವಾಗಿತ್ತು. ಬಿಳಿ ಹೊಲಿಗೆ ದಾರ, ಕುತ್ತಿಗೆ ಹಿಂದೆ ಬರುವ ಕಡೆ ಒಂದು ಗೇಣು ಗಾಜಿನಂಥ ನಳಿಕೆಯೊಳಗೆ ಪೋಣಿಸಿತ್ತು. ನಾನು ನೋಡುತ್ತಿದ್ದದ್ದು ಅವಳಿಗೆ ಕಂಡಿತು.

"ತಾರೀಕು ಮುಗಿದ ಪ್ಯಾಕೆಟ್ಟು. ಬಿಸಾಕೋದು ತಾನೇ ಅಂತ ತಂದ್ಕೊಳ್ಳೋದು. ಗಾಯ ಹೊಲಿಯೋ ದಾರ, ಕ್ಯಾಥೆಟರ್ ನಳಿಕೆ ಚೂರು. ಉಜ್ಜಲ್ಲ, ಹರಿಯಲ್ಲ. ನಮ್ಮನೇಲಿ ಕಿಟಕಿ ಪರದೆಗೂ ಇದೇ, ಬೀಗದ ಕೈಗೂ ಇದೇ. ಅಮ್ಮ ಬೈತಾರೆ, ಮನೆಯೋ ವಾರ್ಡೋ ಅಂತ."

"ಒಂದು ಮಾತು ಕೇಳ್ತೀನಿ ಕಣಮ್ಮ, ಬೇಜಾರು ಮಾಡ್ಕೋಬೇಡ," ಅಂದರು ಅತ್ತಿಗೆ. "ಬ್ಯಾಡ್ಜನ್ನ ಮೆಷಿನ್ ಕೆಳಗಿಟ್ಟೆಯಾ?"

"ಇಲ್ಲ."

ಆ 'ಇಲ್ಲ' ಎಷ್ಟು ನೆಟ್ಟಗೆ ಬಂತೆಂದರೆ, ಅತ್ತಿಗೆ ಎದ್ದು ಉಪ್ಪಿನ ಡಬ್ಬಿಯನ್ನು ತಾವೇ ಒಳಗೆ ಕೊಟ್ಟು ಬಂದರು.

*

ಆಸ್ಪತ್ರೆಯ ಕೆಳಮಹಡಿ ಆಫೀಸಿನಲ್ಲಿ ನಮಗೆ ಒಂದು ಮೇಜು, ಒಂದು ಗಂಟೆ, ಒಂದು ಡ್ರಾಯರ್ ಕೊಟ್ಟರು. ಆರೋಪಿಯ ಪರವಾಗಿ ದಾಖಲೆ ನೋಡುವ ಹಕ್ಕು ಇದೆಯಂತೆ. ಗುಮಾಸ್ತ ಅದನ್ನು ಹಲ್ಲು ಕಿತ್ತುಕೊಟ್ಟ ಹಾಗೆ ಕೊಟ್ಟ.

ಡ್ರಾಯರಿನಲ್ಲಿ ರಿಪೋರ್ಟಿನ ಕಟ್ಟು ಇತ್ತು. ಪ್ರಯೋಗಾಲಯದಿಂದ ಮೂರು ತಿಂಗಳಿಗೊಂದು ಹಾಳೆ. ಅಕ್ಕನಿಗೆ ಕೊಟ್ಟ ಪ್ರತಿಯಲ್ಲಿ ಅವಳೊಬ್ಬಳ ಸಾಲು ಬಿಟ್ಟು ಮಿಕ್ಕದ್ದಕ್ಕೆ ಕಪ್ಪು ಬಳಿದಿದ್ದರು. ಇಲ್ಲಿದ್ದದ್ದು ಮೂಲ.

"ಓದಯ್ಯ ಜೋರಾಗಿ," ಅಂದರು ಅತ್ತಿಗೆ, ಭೂತಗನ್ನಡಿಯನ್ನು ಸೀರೆ ಸೆರಗಿಗೆ ಒರೆಸಿಕೊಳ್ಳುತ್ತ. ಆ ಭೂತಗನ್ನಡಿ ನನ್ನ ಸ್ಟುಡಿಯೋದ್ದು. ನೆಗೆಟಿವ್ ತಿದ್ದೋಕೆ ಇಟ್ಟುಕೊಂಡಿದ್ದೆ. ನನ್ನ ಅಂಗಡಿ ಮುಚ್ಚಿದ ದಿನ ಅವರ ಪತ್ತೇದಾರಿಕೆ ಶುರುವಾಯಿತು ಅಂತ ಮನೆಯಲ್ಲಿ ಹಾಸ್ಯ.

ಓದಿದೆ. ಕ್ಯಾಥ್ ಲ್ಯಾಬಿನಲ್ಲಿ ಒಟ್ಟು ಐದು ಜನ. ಹಿಂದಿನ ಹಾಳೆ: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಅದರ ಹಿಂದಿನದೂ ಸೊನ್ನೆ. ನಾಲ್ಕು ವರ್ಷಕ್ಕೂ ಮೇಲೆ ಎಲ್ಲರಿಗೂ ಸೊನ್ನೆಯೇ, ಎಲ್ಲೋ ಒಂದು ಕಡೆ ಕಾಲು.

"ಈ ಸಲದ್ದು?"

"ಎರಡೂವರೆ. ಮೂರು. ಎರಡು. ಮೂರೂಕಾಲು. ನಮ್ಮ ಅಕ್ಕಂದು ಆರೂವರೆ."

ಅತ್ತಿಗೆ ಭೂತಗನ್ನಡಿ ಕೆಳಗಿಟ್ಟರು.

"ಐದೂ ಜನ ಒಟ್ಟಿಗೇ ಮೋಸ ಮಾಡಿದ್ರಾ?"

ನನಗೂ ಅದೇ ಹೊಳೆಯಿತು. ಒಬ್ಬಳು ತನ್ನ ಬ್ಯಾಡ್ಜನ್ನು ಮೆಷಿನ್ನಿನ ಕೆಳಗಿಟ್ಟರೆ ಒಂದು ಸಾಲು ಏರಬೇಕು. ಇಲ್ಲಿ ಐದು ಸಾಲೂ ನಿದ್ದೆಯಿಂದ ಒಟ್ಟಿಗೆ ಎದ್ದ ಹಾಗೆ ಎದ್ದಿವೆ. ಮಿಕ್ಕ ನಾಲ್ಕಕ್ಕೆ ಕಪ್ಪು ಯಾಕೆ ಬಳಿದರೋ, ಬಳಿದವರಿಗೇ ಗೊತ್ತು.

"ಕೆಳಗೆ ಇನ್ನೊಂದು ಸಾಲಿದೆ, ಅತ್ತಿಗೆ. ನಂಬರ್ ಸೊನ್ನೆ. ಹೆಸರಿಲ್ಲ, ಅಂಕಿಯೂ ಇಲ್ಲ."

ಆ ಸೊನ್ನೆ ನಂಬರಿನ ಬಗ್ಗೆ ಗೋಡೆಯ ಮೇಲಿನ ಸೂಚನಾಪಟ್ಟಿಯಲ್ಲೇ ಬರೆದಿತ್ತು. ಅದು ಯಾರೂ ತೊಡದ ಬ್ಯಾಡ್ಜು. ಮೆಷಿನ್ನಿನಿಂದ ದೂರ, ಇದೇ ಡ್ರಾಯರಿನಲ್ಲಿ ಮೂರು ತಿಂಗಳು ಸುಮ್ಮನೆ ಇರಬೇಕು. ಮಣ್ಣು, ಗಾಳಿ, ಗೋಡೆ ಎಲ್ಲದರಿಂದಲೂ ಸಹಜವಾಗಿ ಒಂದಿಷ್ಟು ವಿಕಿರಣ ಬರುತ್ತಲ್ಲ, ಅದನ್ನಷ್ಟೇ ಹಿಡಿಯೋಕೆ. ಪ್ರಯೋಗಾಲಯದವರು ಅದರ ಅಂಕಿಯನ್ನು ಮಿಕ್ಕವರ ಅಂಕಿಯಿಂದ ಕಳೆಯುತ್ತಾರೆ. ಉಳಿದದ್ದು ಕೆಲಸದಿಂದ ಬಂದದ್ದು.

"ತರಕಾರಿ ತೂಗೋವಾಗ ಬುಟ್ಟಿ ತೂಕ ಕಳೀತಾರಲ್ಲ, ಹಾಗೆ," ಅಂದೆ.

"ಬುಟ್ಟಿ ತಳದಲ್ಲಿ ಯಾರಾದ್ರೂ ಕಲ್ಲಿಟ್ಟಿದ್ರೆ?"

"ಕಲ್ಲಿನ ತೂಕಾನೂ ಕಳೆದುಬಿಡ್ತಾರೆ. ಎಷ್ಟು ತರಕಾರಿ ಹಾಕಿದ್ರೂ ಸೊನ್ನೆ..."

ಹೇಳುತ್ತ ಹೇಳುತ್ತ ನನ್ನ ಬಾಯಿ ತೆರೆದ ಹಾಗೇ ಉಳಿಯಿತು. ಅತ್ತಿಗೆ ಆಗಲೇ ಡ್ರಾಯರಿನ ಮೂಲೆಗೆ ಕೈ ಹಾಕಿದ್ದರು.

ಡಬ್ಬಿ ಸಿಕ್ಕಿತು. ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ಕು, ಮೇಲೆ ದಪ್ಪಕ್ಕೆ '೦', ಸುತ್ತ ದಾರ ಬಿಗಿಯಾಗಿ ಸುತ್ತಿತ್ತು. ಒಳಗಿನ ಬಿಲ್ಲೆ ಅಳತೆಗೆ ಹೋಗಿ ಬಂದಿರುತ್ತದೆ, ಹೊರಗಿನ ಡಬ್ಬಿ ಮಾತ್ರ ಇಲ್ಲೇ ಉಳಿಯುತ್ತದೆ. ಅತ್ತಿಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಏನು ಕಾಣುತ್ತೆ?" ಅಂದೆ.

"ಬಣ್ಣ. ಹನಿ ಬಿದ್ದಿದೆ. ತೆಳು ಹಸಿರು."

ನಾವಿಬ್ಬರೂ ಒಟ್ಟಿಗೆ ತಲೆ ಎತ್ತಿ ಗೋಡೆ ನೋಡಿದೆವು. ಆಫೀಸಿನ ಗೋಡೆ ಬಿಳಿ. ಹೊರಗಿನ ಓಣಿಯೂ ಬಿಳಿ.

*

ಇಡೀ ಆಸ್ಪತ್ರೆಯಲ್ಲಿ ತೆಳು ಹಸಿರು ಬಳಿದದ್ದು ಒಂದೇ ಕೋಣೆಗೆ. ಎರಡನೇ ಮಹಡಿಯ ಕ್ಯಾಥ್ ಲ್ಯಾಬಿಗೆ.

ಆಯಾ ನೆಲ ಒರೆಸುತ್ತಿದ್ದಳು. ಮೆಷಿನ್ ಆಫ್ ಆಗಿತ್ತು. ಮೇಜಿನ ಮೇಲಿಂದ ಅದರ ದೊಡ್ಡ ತೋಳು ಬಾಗಿ ನಿಂತಿತ್ತು, ಯಾರನ್ನೋ ತಬ್ಬಿಕೊಳ್ಳೋಕೆ ಬಂದು ಮರೆತವರ ಹಾಗೆ.

"ಒದ್ದೆ ಇದೆ, ಮೆಲ್ಲಗೆ ಬನ್ನಿ," ಅಂದಳು. "ಎಕ್ಸ್‌ರೇ ಅಕ್ಕನ ಕಡೆಯವರಾ? ಹಾಗಾದ್ರೆ ಜೋರಾಗೇ ಬನ್ನಿ."

"ಈ ಬಣ್ಣ ಯಾವಾಗ ಬಳಿದ್ರವ್ವಾ?"

"ಅಕ್ಕ ಕಣ್ಣಿನ ಆಪರೇಷನ್ನಿಗೆ ರಜ ಹಾಕಿದ್ಳಲ್ಲ, ಆ ವಾರ. ನೋಡೋಕೆ ಚೆಂದ, ವಾಸನೆಗೆ ನನ್ನ ತಲೆ ಸಿಡಿದುಹೋಯ್ತು."

ಅತ್ತಿಗೆ ಅಂಗೈ ಬಿಚ್ಚಿದರು. ಡಬ್ಬಿ ನೋಡಿದ ಆಯಾ ಒರೆಸೋ ಕೋಲನ್ನು ಗೋಡೆಗೆ ಒರಗಿಸಿದಳು.

"ಇದಾ! ಬಣ್ಣದವನು ಕೊಟ್ಟ. ಆ ಗಡಿಯಾರ ಇಳಿಸಿದ್ರೆ ಹಿಂದುಗಡೆ ಮೊಳೇಲಿ ಇದು ನೇತಾಡ್ತಿತ್ತಂತೆ. 'ಯಾರದ್ದೋ ನೋಡಮ್ಮಾ' ಅಂದ. ನನಗೆ ಓದೋಕೆ ಬರಲ್ಲ, ಆದ್ರೆ ಈ ಡಬ್ಬಿಗಳು ಮೂರು ತಿಂಗಳಿಗೊಂದ್ಸಲ ಕೆಳಗಿನ ಡ್ರಾಯರ್‌ಗೆ ಹೋಗೋದು ನೋಡಿದೀನಿ. ಹೋಗಿ ಹಾಕಿದೆ. ತಪ್ಪಾಯ್ತಾ?"

"ತಪ್ಪಾ? ಇಡೀ ಆಸ್ಪತ್ರೇಲಿ ಸರಿಯಾದ ಕೆಲಸ ಮಾಡಿದೋಳು ನೀನೊಬ್ಬಳೇ."

ಗಡಿಯಾರ ರೋಗಿಯ ಮೇಜಿಗೆ ಎದುರು ಗೋಡೆಯಲ್ಲಿತ್ತು. ನಾನು ಸ್ಟೂಲು ಹತ್ತಿ ಅದನ್ನು ಸರಿಸಿ ನೋಡಿದೆ. ಗಡಿಯಾರದ ದೊಡ್ಡ ಮೊಳೆಯ ಕೆಳಗೆ ಒಂದು ಪುಟ್ಟ ಮೊಳೆ. ಹಸಿರು ಬಣ್ಣ ಅದರ ತಲೆಯ ಮೇಲೂ ಹರಿದಿತ್ತು. ಪ್ಲಾಸ್ಟಿಕ್ ಗಡಿಯಾರ ಎಕ್ಸ್‌ರೇಗೆ ಅಡ್ಡವೇ ಅಲ್ಲ. ಕಣ್ಣಿಗೆ ಮಾತ್ರ ಅಡ್ಡ.

ಇಳಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಇಡೀ ಚಿತ್ರ ತೊಳೆದುಬಂದಿತ್ತು. ಸುಮ್ಮನೆ ಕೆಳಗಿರಬೇಕಾದ ಸೊನ್ನೆ ನಂಬರು ನಾಲ್ಕು ವರ್ಷ ಇಲ್ಲಿ ನೇತಾಡಿಕೊಂಡು, ಪ್ರತಿ ಕೇಸಿನ ಎಕ್ಸ್‌ರೇ ಕುಡಿದಿದೆ. ಅದು ಕುಡಿದಷ್ಟನ್ನೂ ಈ ಐವರ ಅಂಕಿಯಿಂದ ಕಳೆದಿದ್ದಾರೆ. ಬಣ್ಣದವನು ಇಳಿಸಿದ ಮೇಲೆ ಬಂದ ಆರೂವರೆ ಮೋಸದ ಅಂಕಿ ಅಲ್ಲ. ನಾಲ್ಕು ವರ್ಷದಲ್ಲಿ ಬಂದ ಮೊದಲ ನಿಜವಾದ ಅಂಕಿ!

"ಗೆದ್ವಿ ಅತ್ತಿಗೆ! ಅಕ್ಕನಿಗೆ ಫೋನ್ ಮಾಡ್ಲಾ?"

"ಡಬ್ಬಿಗೆ ಕಾಲು ಬಂದು ಮೊಳೆ ಹತ್ತಲಿಲ್ಲ ಕಣಯ್ಯ. ಹತ್ತಿಸಿದೋರು ಯಾರು ಅಂತ ಮೊದ್ಲು ಕೇಳೋಣ." ಅತ್ತಿಗೆ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿದರು. "ಸೊನ್ನೆ ನಂಬರಿನ ಜವಾಬ್ದಾರಿ ಯಾರದ್ದು?"

"ಮೇಷ್ಟ್ರದ್ದು," ಅಂದಳು ಆಯಾ. ಅಂದವಳು, ಅನ್ನಬಾರದಿತ್ತೇನೋ ಅನ್ನುವ ಹಾಗೆ ಕೋಲು ಎತ್ತಿಕೊಂಡಳು.

*

ಮೇಷ್ಟ್ರು ಅಂದರೆ ಶಾಲೆಯವರಲ್ಲ. ವಿಕಿರಣ ಸುರಕ್ಷತಾಧಿಕಾರಿ. ಈ ಆಸ್ಪತ್ರೆಯಲ್ಲಿ ಎಕ್ಸ್‌ರೇ ಗುಂಡಿ ಒತ್ತುವ ಪ್ರತಿಯೊಂದು ಬೆರಳಿಗೂ ಪಾಠ ಹೇಳಿದವರು, ಎಕ್ಸ್‌ರೇ ಅಕ್ಕನ ಬೆರಳೂ ಸೇರಿ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅವರ ಕೋಣೆಯಲ್ಲಿ ಹಳೇ ಏಪ್ರನ್ನುಗಳು ಕಂಬಿಗೆ ನೇತಾಡುತ್ತಿದ್ದವು. ಒಂದರ ಮೇಲೂ ಮಡಿಕೆ ಇಲ್ಲ. ಮಡಿಸಿದರೆ ಒಳಗಿನ ಸೀಸ ಬಿರಿಯುತ್ತದಂತೆ.

"ಟೀ ತಗೋತೀರಾ?" ಅಂದರು.

ಅತ್ತಿಗೆ ಕರವಸ್ತ್ರ ಬಿಚ್ಚಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ಟೀ ಮಾತು ಅಲ್ಲಿಗೇ ನಿಂತಿತು.

"ಹಸಿರು ಬಣ್ಣ, ಮೇಷ್ಟ್ರೇ."

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅಷ್ಟು ಹೊತ್ತಿನಲ್ಲಿ ಮನುಷ್ಯ ಹತ್ತು ವರ್ಷ ದೊಡ್ಡವರಾದರು.

"ಲ್ಯಾಬ್ ಒಳಗಿತ್ತಾ?"

"ನೀವೇ ಹೇಳ್ಬೇಕು."

"ಹೇಳ್ತೀನಿ." ಧ್ವನಿ ಒಂದು ಚೂರೂ ಜಗ್ಗಲಿಲ್ಲ. "ಐದು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಹುಡುಗನಿದ್ದ. ಒಳ್ಳೇ ಕೈ. ಅವನ ಬ್ಯಾಡ್ಜು ವರ್ಷಕ್ಕೆ ಇಪ್ಪತ್ತೊಂದು ತೋರಿಸ್ತು. ಮಿತಿ ದಾಟಿದ್ರೆ ಬೇರೆ ಕೆಲಸಕ್ಕೆ ಹಾಕಿ ಅಂತ ನಿಯಮ. ನಮ್ಮಲ್ಲಿ ಬೇರೆ ಕೆಲಸ ಅಂದ್ರೆ ಮನೆ. ಕಳಿಸಿದ್ರು. ಮಾರನೇ ದಿನದಿಂದ ಯಾರೂ ಬ್ಯಾಡ್ಜ್ ಹಾಕ್ಕೊಳ್ಳಲಿಲ್ಲ ಮೇಡಂ. ಜೇಬಲ್ಲಿಟ್ಕೊಳ್ಳೋರು, ಚಪ್ಪಲಿ ಗೂಡಲ್ಲಿಡೋರು. ನಾನು ಒಬ್ಬೊಬ್ಬರನ್ನೂ ಹಿಡಿದು ಬೈದೆ. 'ಮೇಷ್ಟ್ರೇ, ಕಣ್ಣು ಹೋದ್ರೆ ಆಮೇಲೆ ನೋಡೋಣ, ಕೆಲಸ ಈಗಲೇ ಹೋಗತ್ತಲ್ಲ' ಅಂದ್ರು."

"ಅದಕ್ಕೆ?"

"ಮಿತಿ ಅನ್ನೋದು ನಮ್ಮನ್ನ ಕಾಪಾಡೋಕೆ ಇಟ್ಟಿದ್ದು. ಇಲ್ಲಿ ಅದು ನಮ್ಮನ್ನ ಓಡಿಸೋಕೆ ಆಯ್ತು. ಒಂದು ಮಧ್ಯಾಹ್ನ ಈ ಡಬ್ಬಿ ತಗೊಂಡು ಹೋಗಿ ಲ್ಯಾಬಿನ ಏಪ್ರನ್ ಕಂಬಿಗೆ ಕಟ್ಟಿದೆ. ಎಲ್ಲರ ಅಂಕಿ ಇಳೀಲಿ, ಭಯ ಹೋಗ್ಲಿ, ಮತ್ತೆ ಬ್ಯಾಡ್ಜ್ ಹಾಕ್ಕೊಳ್ಳೋದು ರೂಢಿಯಾಗ್ಲಿ ಅಂತ."

ನನಗೆ ಅವರನ್ನು ಬೈಯಬೇಕೋ ಅವರ ಕೈ ಹಿಡಿಯಬೇಕೋ ಗೊತ್ತಾಗಲಿಲ್ಲ. ಬೈಯುವುದನ್ನು ಅತ್ತಿಗೆಗೆ ಬಿಟ್ಟೆ.

"ಎಷ್ಟು ದಿನ?"

"ಮೂರು ತಿಂಗಳು. ಒಂದೇ ಸರದಿ. ಆ ರಿಪೋರ್ಟ್ ಬಂತು. ಐದು ಸೊನ್ನೆ. ಎಲ್ಲರೂ ಸಿಹಿ ಹಂಚಿದ್ರು. ನಾನು ತಿನ್ನಲಾರದೆ ಜೇಬಲ್ಲಿಟ್ಕೊಂಡು ಮನೆಗೆ ಹೋದೆ. ಮಾರನೇ ದಿನವೇ ಡಬ್ಬಿ ಬಿಚ್ಚಿ ಕೆಳಗಿನ ಡ್ರಾಯರಿಗೆ ಹಾಕಿದೆ."

"ಆದ್ರೆ ಸೊನ್ನೆ ನಿಲ್ಲಲಿಲ್ಲ."

"ನಿಲ್ಲಲಿಲ್ಲ. ಆಗಷ್ಟೇ ಛಾವಣಿಯಿಂದ ಇಳಿಬಿಡೋ ಹೊಸ ಸೀಸದ ಗಾಜಿನ ಪರದೆ ಬಂದಿತ್ತು. ಅದರ ಪುಣ್ಯ ಅಂದ್ಕೊಂಡೆ." ಮೇಷ್ಟ್ರು ಅಂಗೈಯಿಂದ ಮುಖ ಒತ್ತಿಕೊಂಡರು. "ನಾಲ್ಕು ವರ್ಷ ಹಾಗಂದ್ಕೊಂಡೇ ಸುಖವಾಗಿ ಮಲಗಿದೆ. ಅವಳಿಗೆ ಕಣ್ಣು ಮಂಜಾದಾಗ್ಲೂ ವಯಸ್ಸಿಗೆ ಮುಂಚೆ ಬಂತಲ್ಲ ಅಂತ ಮರುಗಿದೆನೇ ಹೊರತು, ಈ ಡಬ್ಬಿ ನೆನಪಾಗಲಿಲ್ಲ. ನೆನಪಾಗೋದು ಬೇಡ ಅಂತಿದ್ದೆನೋ ಏನೋ."

"ಮೇಷ್ಟ್ರೇ," ಅಂದರು ಅತ್ತಿಗೆ ಮೆಲ್ಲಗೆ, "ಇದು ಸಿಕ್ಕಿದ್ದು ಏಪ್ರನ್ ಕಂಬೀಲಲ್ಲ. ಗಡಿಯಾರದ ಹಿಂದೆ. ಮೊಳೆ ಹೊಡೆದು."

ಅವರ ಹುಬ್ಬುಗಳು ಕೂಡಿದವು. "ನಾನು ಮೊಳೆ ಹೊಡೆದಿಲ್ಲ."

"ಮೂರು ತಿಂಗಳಿಗೊಮ್ಮೆ ಒಳಗಿನ ಬಿಲ್ಲೆ ಬದಲಾಯಿಸೋರು ಯಾರು?"

ಮೇಷ್ಟ್ರು ಡಬ್ಬಿ ಕೈಗೆತ್ತಿಕೊಂಡು ಸುತ್ತಿದ್ದ ದಾರವನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದರು.

"ನಾನು ಕಟ್ಟಿದ್ದು ರಬ್ಬರ್ ಬ್ಯಾಂಡಲ್ಲಿ..." ಅನ್ನುತ್ತಿದ್ದವರು ನಿಂತರು.

ಬಿಳಿ ಹೊಲಿಗೆ ದಾರ. ಮೊಳೆಗೆ ಸಿಗಿಸುವ ಕುಣಿಕೆಯ ಕಡೆ, ಉಜ್ಜಿ ಹರಿಯದ ಹಾಗೆ, ಎರಡು ಬೆರಳಿನಷ್ಟು ಗಾಜಿನಂಥ ನಳಿಕೆ ಪೋಣಿಸಿತ್ತು.

ಬೆಳಿಗ್ಗೆ ಆ ಮನೆಯಲ್ಲಿ, ಆ ಕೊರಳಲ್ಲಿ, ಅದೇ ನಳಿಕೆ ನೋಡಿದ್ದೆ. ಅತ್ತಿಗೆಯ ಮುಖ ನೋಡಿದೆ. ಅವರೂ ನೋಡಿದ್ದರು. ಮೇಷ್ಟ್ರಂತೂ ಹದಿನೆಂಟು ವರ್ಷದಿಂದ ನೋಡಿದ್ದರು.

ಬ್ಯಾಡ್ಜನ್ನು ಮೆಷಿನ್ ಕೆಳಗಿಟ್ಟೆಯಾ ಅಂತ ಅತ್ತಿಗೆ ಕೇಳಿದ್ದರು. 'ಇಲ್ಲ' ಅಂದದ್ದು ನಿಜವೇ. ಈ ಡಬ್ಬಿಯ ಬಗ್ಗೆ ನಾವು ಕೇಳಿರಲಿಲ್ಲ.

"ಬಿಲ್ಲೆ ಬದಲಾಯಿಸೋದು ಸೀನಿಯರ್ ಟೆಕ್ನಿಷಿಯನ್ ಕೆಲಸ," ಅಂದರು ಮೇಷ್ಟ್ರು. ಹೆಸರು ಹೇಳಲಿಲ್ಲ. "ಈ ಸಲ ಅವಳಿಗೆ ರಜ ಇತ್ತಲ್ಲ, ನಾನು ಹಾಕಿದೆ. ಡ್ರಾಯರಲ್ಲೇ ಇತ್ತು ಡಬ್ಬಿ, ಯಾವಾಗ್ಲೂ ಇದ್ದ ಹಾಗೆ. ದಾರ, ಬಣ್ಣ ಯಾವುದನ್ನೂ ಗಮನಿಸಲಿಲ್ಲ."

ನಾನು ಲೆಕ್ಕ ಹಾಕಲಾರದೆ ಕೂತೆ. ತನ್ನ ಕಣ್ಣಿಗೆ ಬೀಳುವುದನ್ನು ಹೇಳಬೇಕಾದ ಡಬ್ಬಿಯ ಬಾಯಿಯನ್ನು ಅವಳೇ ಕಟ್ಟಿದಳೇ? ತನಗಾಗಿಯೋ, ಮಿಕ್ಕ ನಾಲ್ವರಿಗಾಗಿಯೋ? ನಾಳೆ ಈ ಡಬ್ಬಿ ಮೇಜಿಗೆ ಬಂದರೆ ಮೂರು ತಿಂಗಳ ಮೋಸದ ಆರೋಪ ಬಿದ್ದುಹೋಗುತ್ತದೆ. ಇದೇ ಡಬ್ಬಿಯ ದಾರ ನಾಲ್ಕು ವರ್ಷದ ಮೋಸವನ್ನು ಅವಳ ಕೊರಳಿಗೆ ಬಿಗಿಯುತ್ತದೆ. ಡಬ್ಬಿ ಬರದಿದ್ದರೆ ಅವಳನ್ನು ಉಳಿಸೋಕೆ ನಮ್ಮ ಹತ್ತಿರ ಏನೂ ಇಲ್ಲ.

ಮೇಷ್ಟ್ರು ಮೇಜಿನ ಖಾನೆ ಎಳೆದರು. ಕತ್ತರಿ ತೆಗೆದರು.

"ಮೊಳೆ ನಾನೇ ಹೊಡೆದೆ ಅಂತ ಬರ್ಕೊಳ್ಳಿ ಮೇಡಂ. ನಾಳೆ ನಾನೇ ಬಂದು ಹೇಳ್ತೀನಿ. ಶುರು ಮಾಡಿದೋನು ನಾನು, ಮುಗಿಸೋದೂ ನಂದೇ. ನಾಲ್ಕು ತಿಂಗಳ ನೌಕರಿ, ಹೋದ್ರೆ ಹೋಗ್ಲಿ. ಈ ದಾರ ಮಾತ್ರ ನೀವು ನೋಡಿಲ್ಲ."

"ಕತ್ತರಿ ಕೆಳಗಿಡಿ, ಮೇಷ್ಟ್ರೇ."

"ಅವಳು ಒಂದು ಕಣ್ಣು ಕೊಟ್ಟಿದ್ದಾಳೆ ಮೇಡಂ! ಇನ್ನೇನು ಕೇಳ್ತೀರಿ ಅವಳನ್ನ?"

ಅತ್ತಿಗೆ ಕೈ ಚಾಚಿ ಡಬ್ಬಿಯನ್ನು ಹಿಡಿದರು. ದಾರದ ಇನ್ನೊಂದು ತುದಿ ಮೇಷ್ಟ್ರ ಕೈಯಲ್ಲೇ ಇತ್ತು, ಕತ್ತರಿಯ ಎರಡು ಅಲಗಿನ ನಡುವೆ. ಇಬ್ಬರೂ ಎಳೆಯಲಿಲ್ಲ. ಇಬ್ಬರೂ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮತ್ತಿಗೆಗೆ ಏನು ಮಾಡಬೇಕೆಂದು ಗೊತ್ತಾಗದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಾಗಿಲು ಬಡಿದ ಸದ್ದಾಯಿತು.

"ಮೇಷ್ಟ್ರೇ, ಒಳಗೆ ಬರ್ಲಾ?"

ಎಕ್ಸ್‌ರೇ ಅಕ್ಕ. ಅವಳ ಬೆನ್ನ ಹಿಂದೆ ಓಣಿಯಲ್ಲಿ ಆಯಾ ಕೋಲು ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಡಬ್ಬಿ ಸಿಕ್ಕಿತು ಅನ್ನೋ ಸುದ್ದಿಯನ್ನು ಒಳ್ಳೇ ಸುದ್ದಿ ಅಂದುಕೊಂಡು ಅವಳೇ ಫೋನ್ ಮಾಡಿರಬೇಕು.

ಅಕ್ಕ ಮೇಜಿನ ಕಡೆ ನೋಡಿದಳು. ಸರಿಯಾಗಿ ಕಾಣಲಿಲ್ಲವೇನೋ, ಕನ್ನಡಕಕ್ಕಾಗಿ ಕೈ ಅಭ್ಯಾಸಬಲದಿಂದ ಎದೆಯ ಹತ್ತಿರ ಹೋಯಿತು, ಏನೂ ಸಿಗದೆ ಗಾಳಿಯಲ್ಲಿ ತಡವರಿಸಿತು. ಆಮೇಲೆ ಚೀಲ ತೆರೆದು ಕನ್ನಡಕ ಹುಡುಕಿ ತೆಗೆದಳು.

ಬೆಳಿಗ್ಗೆ ಕೊರಳಲ್ಲಿದ್ದ ದಾರ ಈಗ ಅದಕ್ಕಿರಲಿಲ್ಲ.